ಗಾಲಿ ಮಾತು: ಮಳೆಗಾಲಕ್ಕೆ 33 ಇಂಚಿನ ಟಯರು ಬೇಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. 2021ರ ಇಸುಜು ವಿ-ಕ್ರಾಸ್ ಪಿಕಪ್ ಇದೆ, ಫೋರ್ ವೀಲ್. ಕಂಪನಿ ಟಯರು 255/60 ಆರ್ 18, ಸವೆದು ಹೋಗಿದೆ. ಹೋದ ಮಳೆಗಾಲದಲ್ಲಿ ತೋಟದ ಏರಿನಲ್ಲಿ ಮೂರು ಸಲ ಹೂತುಕೊಂಡೆ. ಅಂಗಡಿಯವರು 17 ಇಂಚಿನ ರಿಮ್ಮು ಹಾಕಿ 285/70 ಟಯರು, ಅಂದ್ರೆ ಸುಮಾರು 33 ಇಂಚು ಎತ್ತರದ್ದು, ಕೊಡುತ್ತೇವೆ, ಒಳಗೆ ತಾಗದ ಹಾಗೆ ಹಬ್ಬಿಗೂ (ಚಕ್ರ ಕೂರುವ ಭಾಗ) ರಿಮ್ಮಿಗೂ ನಡುವೆ 30 ಮಿ.ಮೀ. ದಪ್ಪದ ಸ್ಪೇಸರ್ ಬಿಲ್ಲೆ ಇಡೋಣ ಅನ್ನುತ್ತಾರೆ. ನೋಡುವುದಕ್ಕೂ ಚೆನ್ನಾಗಿರುತ್ತದೆ. ಇದೇ ಗಾಡಿಯಲ್ಲಿ ತಿಂಗಳಿಗೆ ಎರಡು ಸಲ ಅಮ್ಮನನ್ನು ಚಾರ್ಮಾಡಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಕಿಸಲಾ?
— ಓದುಗರು, ಮೂಡಿಗೆರೆ

ಉತ್ತರ: ಬೇಡ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಯಾಕಂದ್ರೆ ಮೇ ತಿಂಗಳು ಬಂತು ಅಂದ್ರೆ ನಮ್ಮ ಕಡೆ ಹತ್ತು ಜನಕ್ಕೆ ಇದೇ ಯೋಚನೆ.

ನೀವು ಕೇಳಿರುವುದು ಟಯರಿನ ಬಗ್ಗೆ. ಆದರೆ ನಿಮ್ಮ ಕಷ್ಟ ಇರುವುದು ಆ ಏರಿನಲ್ಲಿ. ಅಲ್ಲಿ ಗಾಡಿ ಯಾಕೆ ನಿಂತಿತು? ಹೊಟ್ಟೆ ತಾಗಿ ನಿಂತಿತಾ, ಇಲ್ಲ ಚಕ್ರ ಸುಮ್ನೆ ತಿರುಗಿ ನಿಂತಿತಾ? ಎರಡಕ್ಕೂ ಮದ್ದು ಬೇರೆ. ಟಯರು ಸವೆದಿದೆ ಅಂತ ನೀವೇ ಬರೆದಿದ್ದೀರಿ. ಮಲೆನಾಡಿನ ಜೇಡಿಯಲ್ಲಿ ಸವೆದ ಟಯರಿನ ಚಡಿ ಒಂದೇ ಸುತ್ತಿಗೆ ಮಣ್ಣು ತುಂಬಿಕೊಂಡು ಬೋಳು ಆಗುತ್ತದೆ. ಆಮೇಲೆ ಅದು ನಿಮ್ಮ 30 ಇಂಚಾದರೂ ಒಂದೇ, 33 ಆದರೂ ಒಂದೇ. ಹಾಗಾಗಿ ಹೋದ ವರ್ಷ ನಿಮ್ಮನ್ನು ಕೈಬಿಟ್ಟಿದ್ದು ಟಯರಿನ ಚಡಿ, ಅಳತೆ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ನಾನು ಟಯರ್ ಕೆಲಸಕ್ಕೆ ಕೈ ಹಾಕಿದಾಗ ಕೊಪ್ಪ, ಕಳಸದ ಕಡೆ ತೋಟಗಳಲ್ಲಿ ಓಡುತ್ತಿದ್ದದ್ದೆಲ್ಲ ಮಹೀಂದ್ರ ಜೀಪುಗಳು. ಟಯರು 6.00-16. ಅಂದ್ರೆ ಅಗಲ ಆರೇ ಇಂಚು. ಈಗಿನವರಿಗೆ ಸೈಕಲ್ ಟಯರಿನ ಹಾಗೆ ಕಾಣಬಹುದು. ದಪ್ಪ ಉಬ್ಬುಗಳಿರುವ ಬಟನ್ ಟಯರು ಹಾಕಿ, ಹಿಂದಿನ ಎರಡು ಚಕ್ರಕ್ಕೆ ಚೈನು ಕಟ್ಟಿ, ಗೊಬ್ಬರ ತುಂಬಿಕೊಂಡು ಆ ಜೀಪುಗಳು ಜುಲೈ ತಿಂಗಳಲ್ಲಿ ಗುಡ್ಡ ಹತ್ತುತ್ತಿದ್ದವು. ಕಾರಣ ಇದೆ. ನಮ್ಮ ಕಡೆಯ ಕೆಸರು ಮೇಲೆ ನಾಲ್ಕೋ ಆರೋ ಇಂಚು ಮೆತ್ತಗೆ. ಅದರ ಕೆಳಗೆ ಗಟ್ಟಿ ನೆಲ ಅಥವಾ ಜಂಬಿಟ್ಟಿಗೆ. ಕಿರಿದಾದ ಟಯರು ಆ ಮೆತ್ತಗಿನ ಪದರವನ್ನು ಸೀಳಿಕೊಂಡು ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ. ಅಗಲದ ಟಯರು ಕೆಸರಿನ ಮೇಲೆ ತೇಲುತ್ತದೆ. ಮರಳಿನಲ್ಲಿ ತೇಲಬೇಕು, ಅಲ್ಲಿ ಅಗಲವೇ ಒಳ್ಳೆಯದು. ಮೂಡಿಗೆರೆಯ ಏರಿನಲ್ಲಿ ತೇಲಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ದೊಡ್ಡ ಟಯರಿನ ಫೋಟೋಗಳಲ್ಲಿ ಬಹಳಷ್ಟು ಮರಳುಗಾಡಿನವು. ಆ ನೆಲ ಬೇರೆ, ನಮ್ಮ ನೆಲ ಬೇರೆ.

ಈಗ ಲೆಕ್ಕ ಮಾಡೋಣ. ಟಯರಿನ ಮೇಲೆ ಬರೆದಿರುವ ಮೊದಲ ಅಂಕಿ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಅಂತ. ಮೂರನೆಯದು ರಿಮ್ಮು, ಇಂಚಿನಲ್ಲಿ. ನಿಮ್ಮ 255/60 ಆರ್ 18ಕ್ಕೆ ಗೋಡೆ 153 ಮಿ.ಮೀ. ಮೇಲೆ ಕೆಳಗೆ ಎರಡು ಸಲ ಸೇರಿಸಿ, ರಿಮ್ಮಿನ 457 ಕೂಡಿಸಿದರೆ ಒಟ್ಟು 763 ಮಿ.ಮೀ. ಎತ್ತರ. ಅಂಗಡಿಯವರು ಹೇಳುವ 285/70 ಆರ್ 17 ಹೀಗೇ ಲೆಕ್ಕ ಹಾಕಿದರೆ 831 ಬರುತ್ತದೆ. ಹೆಚ್ಚಾದದ್ದು 68 ಮಿ.ಮೀ. ಆದರೆ ಗಾಡಿಯ ಹೊಟ್ಟೆ ಮೇಲೇಳುವುದು ಅದರ ಅರ್ಧ ಮಾತ್ರ, 34 ಮಿ.ಮೀ. ಉಳಿದ ಅರ್ಧ ಮೇಲಕ್ಕೆ ಹೋಗಿ ಮಡ್‌ಗಾರ್ಡಿನ ಒಳಗಿನ ಜಾಗ ತಿನ್ನುತ್ತದೆ. ಹೊಟ್ಟೆಗೆ ಸಿಗುವುದು ಎರಡು ಬೆರಳಿನಷ್ಟು ಜಾಗ. ಅದಕ್ಕೆ ಏನೇನು ಕೊಡುತ್ತೀರಿ ನೋಡಿ.

ಚಕ್ರ ಒಂದು ಸುತ್ತಿಗೆ ಹೋಗುವ ದೂರ ನೂರಕ್ಕೆ ಸುಮಾರು 9ರಷ್ಟು ಜಾಸ್ತಿ ಆಗುತ್ತದೆ. ಮೀಟರು 80 ತೋರಿಸುವಾಗ ಚಕ್ರ 87ರ ಓಟ ಓಡುತ್ತಿರುತ್ತದೆ. ಗೇರು ಅಷ್ಟೇ ಎತ್ತರ ಆದ ಹಾಗೆ. ಏರಿನಲ್ಲಿ ಎರಡನೇ ಗೇರಿಗೆ ಹೋಗುತ್ತಿದ್ದ ಕಡೆ ಒಂದನೆಯದು ಬೇಕಾಗಬಹುದು. ಚಾರ್ಮಾಡಿ ಇಳಿಯುವಾಗ ಇಂಜಿನ್ನು ಗಾಡಿಯನ್ನು ಹಿಡಿದುಕೊಳ್ಳುವ ಶಕ್ತಿಯೂ ಅಷ್ಟು ಕಡಿಮೆ. ಅಂದ್ರೆ ಬ್ರೇಕಿನ ಮೇಲೆ ಕಾಲು ಜಾಸ್ತಿ. ಅದೇ ಬ್ರೇಕು ಈಗ ಒಂದೊಂದು ಚಕ್ರದಲ್ಲೂ ಐದಾರು ಕೆಜಿ ಹೆಚ್ಚಿನ ತೂಕ ನಿಲ್ಲಿಸಬೇಕು. ಆ ಘಾಟಿಯಲ್ಲಿ ಮಂಜು ಬಿದ್ದ ದಿನ ಮುಂದಿನ ತಿರುವೇ ಕಾಣುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತಿರುತ್ತಾರೆ. ಅಲ್ಲಿ ಬ್ರೇಕು ಇದ್ದ ಹಾಗೇ ಇರಬೇಕು.

ಇನ್ನು ಸ್ಪೇಸರ್. ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. ದೊಡ್ಡ ಟಯರು ಮುಂದಿನ ಚಕ್ರದಲ್ಲಿ ಎರಡು ಜಾಗದಲ್ಲಿ ತಾಗುತ್ತದೆ. ಒಂದು ಒಳಗೆ, ಚಾಸಿ ಮತ್ತು ಸಸ್ಪೆನ್ಶನ್ ಆರ್ಮಿಗೆ. ಇನ್ನೊಂದು ಹೊರಗೆ, ಬಂಪರಿನ ಮೂಲೆಗೆ ಮತ್ತು ಬಾಗಿಲ ಕಡೆಯ ಮಡ್‌ಗಾರ್ಡ್ ಲೈನಿಂಗಿಗೆ. ಸ್ಪೇಸರ್ ಇಟ್ಟರೆ ಒಳಗೆ ತಾಗುವುದು ನಿಲ್ಲುತ್ತದೆ, ನಿಜ. ಆದರೆ ಹೊರಗೆ ತಾಗುವುದು ಜಾಸ್ತಿ ಆಗುತ್ತದೆ. ಬಾಗಿಲನ್ನು ನೆನೆಸಿಕೊಳ್ಳಿ. ಕೀಲಿಗೆ ಹತ್ತಿರ ಇರುವ ಭಾಗ ಸ್ವಲ್ಪ ಜಾಗದಲ್ಲೇ ತಿರುಗುತ್ತದೆ, ಅಂಚು ದೊಡ್ಡ ಸುತ್ತು ಹೊಡೆಯುತ್ತದೆ. ಚಕ್ರವನ್ನು ಕೀಲಿನಿಂದ 30 ಮಿ.ಮೀ. ಆಚೆ ತಳ್ಳಿದರೆ ಸ್ಟೇರಿಂಗ್ ತಿರುಗಿಸಿದಾಗ ಟಯರು ದೊಡ್ಡ ಸುತ್ತು ಹೊಡೆದು ಬಂಪರಿಗೆ ಬಡಿಯುತ್ತದೆ. ಆಮೇಲೆ ಅಂಗಡಿಯವರು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕೋಣ ಅನ್ನುತ್ತಾರೆ. ಅದಾದ ಮೇಲೆ ಪ್ಲಾಸ್ಟಿಕ್ ಕತ್ತರಿಸೋಣ ಅನ್ನುತ್ತಾರೆ. ಒಂದನ್ನು ಸರಿಮಾಡಲು ಇನ್ನೊಂದು. ಅಷ್ಟು ಹೊತ್ತಿಗೆ ಅಮ್ಮನಿಗೆ ಗಾಡಿ ಹತ್ತಲು ಸ್ಟೂಲು ಬೇಕಾಗಿರುತ್ತದೆ.

ಬೇರಿಂಗಿನ ಮಾತೂ ಇದೆ. ಬಿಂದಿಗೆಯನ್ನು ಮೈಗೆ ಒತ್ತಿ ಹಿಡಿದರೆ ಭಾರ ಗೊತ್ತಾಗುವುದಿಲ್ಲ. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದರೆ ಭುಜ ಸೋಲುತ್ತದೆ. ಸ್ಪೇಸರ್ ಇಟ್ಟಾಗ ವೀಲ್ ಬೇರಿಂಗಿಗೆ ಆಗುವುದು ಅದೇ. ಆಫ್‌ಸೆಟ್ ಬೇರೆ ಇರುವ ರಿಮ್ಮು ಹಾಕಿ ಚಕ್ರ ಅಷ್ಟೇ ಹೊರಗೆ ತಂದರೂ ಬೇರಿಂಗಿನ ಕಷ್ಟ ಅಷ್ಟೇ. ಆದರೆ ಅದರಲ್ಲಿ ನಟ್ಟು ಒಂದೇ ಸಾಲು. ಬೋಲ್ಟ್ ಹಾಕುವ ಸ್ಪೇಸರಿನಲ್ಲಿ ಎರಡು ಸಾಲು. ಹಬ್ಬಿಗೆ ಸ್ಪೇಸರ್ ಹಿಡಿಯುವ ಆರು ನಟ್ಟು ಒಳಗೆ. ಸ್ಪೇಸರಿಗೆ ರಿಮ್ಮು ಹಿಡಿಯುವ ಆರು ನಟ್ಟು ಹೊರಗೆ. ಹೊರಗಿನದು ಕಣ್ಣಿಗೆ ಕಾಣುತ್ತದೆ. ಒಳಗಿನದು ಚಕ್ರ ಬಿಚ್ಚದೆ ಕಾಣುವುದಿಲ್ಲ.

ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾದದ್ದು ಒಂದು ಸಂಜೆ. ಒಬ್ಬರು ಪಿಕಪ್ ತಂದು ನಿಲ್ಲಿಸಿದರು. ಹಿಂದಿನ ಎಡ ಚಕ್ರದಲ್ಲಿ ಟಕ್ ಟಕ್ ಸದ್ದು, ನಿಧಾನಕ್ಕೆ ಹೋದರೆ ಜಾಸ್ತಿ ಅಂದರು. ಸ್ಪೇಸರ್ ಹಾಕಿಸಿ ನಾಲ್ಕು ತಿಂಗಳಾಗಿತ್ತಂತೆ. ಹೊರಗಿನ ಆರೂ ನಟ್ಟು ಎಳೆದು ನೋಡಿದೆ, ಬಿಗಿಯಾಗಿದ್ದವು. ಆದರೆ ಸ್ಪೇಸರ್ ಹಬ್ಬಿಗೆ ಕೂರುವ ಅಂಚಿನಿಂದ ಕೆಂಪು ಪುಡಿ ಗೆರೆಗೆರೆಯಾಗಿ ಹೊರಗೆ ಬಂದಿತ್ತು. ಕುಂಕುಮ ಒದ್ದೆಯಾಗಿ ಇಳಿದ ಹಾಗೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಂದ ತುಕ್ಕು ಅದು. ಚಕ್ರ ಬಿಚ್ಚಿದೆ. ನಟ್ಟು ಕೂರುವ ಒಳಗಿನ ಆರು ಸ್ಟಡ್ಡಿನಲ್ಲಿ ಎರಡು ಮುರಿದು ಹೋಗಿತ್ತು, ಮುರಿದ ಮುಖ ಅರ್ಧ ಹೊಳಪು, ಅರ್ಧ ಕಪ್ಪು. ಕಪ್ಪು ಅರ್ಧ ಯಾವತ್ತೋ ಬಿರುಕು ಬಿಟ್ಟಿದ್ದು. ಹೊಳಪು ಅರ್ಧ ಆವತ್ತು ಮುರಿದಿದ್ದು. ಉಳಿದ ನಾಲ್ಕರಲ್ಲಿ ಎರಡು ನಟ್ಟು ನನ್ನ ಬೆರಳಿಗೇ ತಿರುಗಿದವು. ಸ್ಪೇಸರಿನ ರಂಧ್ರಗಳು ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಹಾಕಿದವರು ಗಾಳಿ ಗನ್ನಿನಲ್ಲಿ ಒಂದು ಸಲ ಬಿಗಿದು ಕಳಿಸಿದ್ದರು. ಮತ್ತೆ ಬಿಚ್ಚಿ ಬಿಗಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಶಾಲೆ ಬ್ಯಾಗು ಇಟ್ಟುಕೊಂಡು ಒಂದು ಮಗು ನಿದ್ದೆ ಮಾಡುತ್ತಿತ್ತು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾನೂನು ಬೇಗ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ. ವಿಮೆಯವರಿಗೆ ಹೇಳದೆ ಮಾಡಿಸಿದ್ದರೆ ಕ್ಲೇಮ್ ಹೊತ್ತಿನಲ್ಲಿ ಅವರು ತಕರಾರು ತೆಗೆಯಬಹುದು.

ಹಾಗಾದರೆ ಏನು ಮಾಡಬೇಕು? ಅದೇ 255/60 ಆರ್ 18 ಅಳತೆಯಲ್ಲಿ ಡಾಂಬರಿಗೂ ಕೆಸರಿಗೂ ಆಗುವ ಆಲ್ ಟೆರೇನ್ ಟಯರು ಹುಡುಕಿ. ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹಾಕಿಸಿ. ಸಿಗಲೇ ಇಲ್ಲ ಅಂದ್ರೆ ಮಾತ್ರ 265/60 ಆರ್ 18 ನೋಡಿ. ಇದರ ಎತ್ತರ 775 ಮಿ.ಮೀ., ನಿಮ್ಮದಕ್ಕಿಂತ 12 ಜಾಸ್ತಿ ಅಷ್ಟೇ. ಮೀಟರಿನ ವ್ಯತ್ಯಾಸ ನೂರಕ್ಕೆ ಎರಡೂ ಬರುವುದಿಲ್ಲ. ಫಾರ್ಚೂನರ್‌ಗೂ ಇದೇ ಅಳತೆ ಬರುವುದರಿಂದ ಹಾಸನ, ಚಿಕ್ಕಮಗಳೂರಿನಲ್ಲಿ ಸಿಗುವುದು ಕಷ್ಟ ಇಲ್ಲ. ಆದರೆ ಇದು ನಿಮ್ಮ ಗಾಡಿಯ ಕಂಪನಿ ಅಳತೆ ಅಲ್ಲ ಅನ್ನುವುದು ನೆನಪಿರಲಿ. ಇಸುಜು ಸರ್ವಿಸ್‌ನವರನ್ನು ಒಂದು ಮಾತು ಕೇಳಿ ಹಾಕಿಸಿ. ಸ್ಪೇಸರ್ ಎರಡಕ್ಕೂ ಬೇಡ.

ಕೊಳ್ಳುವಾಗ ಅಳತೆಯ ಪಕ್ಕದಲ್ಲಿರುವ ಭಾರದ ಅಂಕಿ ನೋಡಿ. 108 ಅಂದ್ರೆ ಒಂದು ಟಯರು 1,000 ಕೆಜಿ ಹೊರುತ್ತದೆ, 112 ಅಂದ್ರೆ 1,120. ಹಳೆ ಟಯರಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಕಡಿಮೆ ಇರಬಾರದು. ದೊಡ್ಡ ಟಯರೆಲ್ಲ ಜಾಸ್ತಿ ಭಾರ ಹೊರುತ್ತದೆ ಅಂತ ಏನಿಲ್ಲ. ನಾಲ್ಕೂ ಒಂದೇ ಅಳತೆ, ಒಂದೇ ಬ್ರ್ಯಾಂಡ್ ಇರಲಿ. ಮುಂದೆ ಒಂದು ಎತ್ತರ, ಹಿಂದೆ ಒಂದು ಎತ್ತರ ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಒಳಗಿನ ಗೇರುಗಳು ಒಂದಕ್ಕೊಂದು ಎಳೆದಾಡುತ್ತವೆ. ಸ್ಟೆಪ್ನಿಯೂ ಅದೇ ಅಳತೆಯಲ್ಲಿ ತಗೊಳ್ಳಿ.

ಹಾಕಿಸಿದ ದಿನ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಟಯರಿನ ಎರಡೂ ಭುಜಕ್ಕೆ ಸುತ್ತಲೂ ಬಿಳಿ ಸೀಮೆಸುಣ್ಣ ಬಳಿಯಿರಿ. ಮುಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಇನ್ನೊಂದು ಚಕ್ರಕ್ಕೂ ಹಾಗೇ. ಆಮೇಲೆ ಟಾರ್ಚ್ ಹಾಕಿ ಒಳಗೆ ನೋಡಿ. ಎಲ್ಲಾದರೂ ಬಿಳಿ ಅಂಟಿದ್ದರೆ ಅಲ್ಲಿ ತಾಗಿದೆ. ಸಮ ನೆಲದಲ್ಲಿ ತಾಗದ ಟಯರು ಹಳ್ಳಕ್ಕೆ ಬಿದ್ದಾಗ ತಾಗುತ್ತದೆ, ಅದಕ್ಕೇ ಕಲ್ಲು ಬೇಕು.

ಉಳಿದ ದುಡ್ಡಿನಲ್ಲಿ ಎರಡು ಸಾಮಾನು ತಗೊಳ್ಳಿ. ಬ್ಯಾಟರಿಗೆ ಹಾಕುವ ಗಾಳಿ ಪಂಪು, ಮತ್ತು ನಿಮ್ಮ ಟಯರಿನ ಅಳತೆಗೆ ಸರಿಯಾದ ಚೈನು. ಏರಿಗೆ ಹೋಗುವ ಮುಂಚೆ ಗಾಳಿ 22 ಪೌಂಡಿನ ಹತ್ತಿರಕ್ಕೆ ಇಳಿಸಿ, ಹತ್ತಿದ ಮೇಲೆ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇರುವಷ್ಟು ತುಂಬಿ. ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆಗೆ ಮಾತ್ರ ಬರಬೇಡಿ. ಲೋಡು ಇದ್ದಾಗ ಗಾಳಿ ಇಳಿಸಲೂ ಬೇಡಿ. ಚೈನು ಕಟ್ಟಬೇಕಾದರೆ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಜಾಗ ಬೇಕೇ ಬೇಕು. 33 ಇಂಚು ಹಾಕಿಸಿದ್ದರೆ ಆ ಜಾಗ ಹೋಗಿಬಿಡುತ್ತಿತ್ತು. ಮಲೆನಾಡಿನಲ್ಲಿ ಚೈನಿಗೆ ಜಾಗ ಇಲ್ಲದ ಟಯರು ನನಗೆ ಬೇಡ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆವು. ಮನೆಗೆ ತಂದ ಮೇಲೆ ನಾಲ್ಕೂ ಚಕ್ರಕ್ಕೆ ಸ್ಪೇಸರ್ ಇರುವುದು ಗೊತ್ತಾಯಿತು. ಓಡಿಸಲು ಏನೂ ತೊಂದರೆ ಕಾಣುತ್ತಿಲ್ಲ. ಹಾಗೇ ಬಿಡಬಹುದಾ?
— ಓದುಗರು, ಶಿರಸಿ

ಉತ್ತರ: ಬಿಚ್ಚಿಸಿಬಿಡಿ ತಾಯಿ. ಟಯರು ಮೂಲ ಅಳತೆಯದೇ ಆಗಿದ್ದರೆ ಸ್ಪೇಸರ್ ತೆಗೆದರೆ ಯಾವ ನಷ್ಟವೂ ಇಲ್ಲ. ಅಲ್ಲಿಯ ತನಕ ದೂರ ಹೋಗಬೇಡಿ.

ಬಿಚ್ಚುವಾಗ ಪಕ್ಕದಲ್ಲಿ ನಿಂತು ಮೂರು ವಿಷಯ ನೋಡಿಕೊಳ್ಳಿ. ಸ್ಪೇಸರಿನ ನಡುವಿನ ತೂತು ಹಬ್ಬಿನ ಮೂತಿಗೆ ಸರಿಯಾಗಿ ಕೂತಿದೆಯಾ? ಆರು ಹೋಲಿನ ಸ್ಪೇಸರ್ ಅಂತ ಮಾರುವುದರಲ್ಲಿ ಆರು ಹೋಲಿನ ವೃತ್ತದ ವ್ಯಾಸ 139.7 ಮಿ.ಮೀ. ಇರುವುದು ಟೊಯೊಟಾ ಹೈಲಕ್ಸಿಗೂ ಆಗುತ್ತದೆ, ವಿ-ಕ್ರಾಸಿಗೂ ಆಗುತ್ತದೆ. ಆದರೆ ಹೈಲಕ್ಸಿನ ನಡುವಿನ ತೂತು ಸುಮಾರು 106, ವಿ-ಕ್ರಾಸಿನದು ಸುಮಾರು 100. ಹೈಲಕ್ಸಿನದು ವಿ-ಕ್ರಾಸಿಗೆ ಹಾಕಿದರೆ ಸುತ್ತಲೂ 3 ಮಿ.ಮೀ. ಸಂದು ಉಳಿಯುತ್ತದೆ. ಆಗ ಚಕ್ರವನ್ನು ನಡುಮಧ್ಯಕ್ಕೆ ಹಿಡಿದಿಡುವ ಕೆಲಸವೆಲ್ಲ ಸ್ಟಡ್ಡಿನ ಮೇಲೆ ಬೀಳುತ್ತದೆ. 80 ದಾಟಿದಾಗ ಸ್ಟೇರಿಂಗ್ ನಡುಗುವುದಕ್ಕೆ ಇದೂ ಒಂದು ಕಾರಣ. ಎರಡನೆಯದು, ಬೋಲ್ಟ್ ಇಲ್ಲದೆ ಸುಮ್ನೆ ತೂರಿಸಿದ ತೆಳು ಸ್ಪೇಸರ್ ಆಗಿದ್ದರೆ ನಟ್ಟು ಎಷ್ಟು ಸುತ್ತು ಬರುತ್ತದೆ ಅಂತ ಎಣಿಸಿ. 12 ಮಿ.ಮೀ. ದಪ್ಪದ, 1.5 ಪಿಚ್ಚಿನ ಸ್ಟಡ್ಡಿಗೆ ಕಡಿಮೆ ಅಂದ್ರೂ 8 ಸುತ್ತು ಹಿಡಿದಿರಬೇಕು. ಐದಕ್ಕೋ ಆರಕ್ಕೋ ಕಳಚಿ ಬಂದರೆ ಇಷ್ಟು ದಿನ ಚಕ್ರ ನಿಂತದ್ದೇ ದೊಡ್ಡದು. ಮೂರನೆಯದು ಕೆಂಪು ಪುಡಿ. ಅದು ಒಂದು ಚಕ್ರದಲ್ಲಿ ಕಂಡರೂ ಆ ಚಕ್ರದ ಸ್ಟಡ್ಡುಗಳನ್ನೆಲ್ಲ ಹೊಸದು ಹಾಕಿಸಿ. ಮುರಿದದ್ದು ಒಂದೇ ಆದರೂ ಪಕ್ಕದವು ಅದರ ಭಾರ ಹೊತ್ತು ದಣಿದಿರುತ್ತವೆ.

ಚಕ್ರ ವಾಪಸು ಹಾಕುವಾಗ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಸಿ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ. ಒಂದಾದ ಮೇಲೆ ಅದರ ಎದುರಿನದು, ಹೀಗೆ. 100 ಕಿ.ಮೀ. ಓಡಿಸಿ ಮತ್ತೊಂದು ಸಲ ನೋಡಿ. ಚಕ್ರ ಎತ್ತಿದ್ದಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕೈಯಿಂದ ತಿರುಗಿಸಿ. ಆಟ ಇದ್ದರೆ, ಇಲ್ಲ ಒಳಗಿನಿಂದ ಮರಳು ಅರೆದ ಸದ್ದು ಬಂದರೆ, ಬೇರಿಂಗೂ ಹೋಗಿದೆ.

ಪ್ರಶ್ನೆ: ಟೊಮೆಟೊ ಲೋಡ್ ಹಾಕುವ 1.7 ಟನ್ನಿನ ಬೊಲೆರೊ ಪಿಕಪ್ ನಮ್ಮದು. ತಿರುವಿನಲ್ಲಿ ಹಿಂದೆ ಓಲಾಡುತ್ತದೆ. ಹಿಂದಿನ ಚಕ್ರಕ್ಕೆ 25 ಮಿ.ಮೀ. ಸ್ಪೇಸರ್ ಕೊಟ್ಟರೆ ನಿಲ್ಲುತ್ತದೆ ಅಂತ ಗೆಳೆಯರು ಹೇಳುತ್ತಾರೆ.
— ಓದುಗರು, ಶ್ರೀನಿವಾಸಪುರ

ಉತ್ತರ: ಮೊದಲು ಬಾಕ್ಸು ಎಣಿಸಿ. ಒಂದು ಬಾಕ್ಸಿನಲ್ಲಿ 15 ಕೆಜಿ ಹಣ್ಣು, ಖಾಲಿ ಕ್ರೇಟಿನ ತೂಕ ಸೇರಿದರೆ 17ರ ಹತ್ತಿರ. 1.7 ಟನ್ನಿಗೆ ನೂರು ಬಾಕ್ಸು. ಅದಕ್ಕಿಂತ ಜಾಸ್ತಿ ಹಾಕುತ್ತಿದ್ದರೆ ಓಲಾಡುವುದಕ್ಕೆ ಕಾರಣ ಅಲ್ಲೇ ಇದೆ. ನೂರೇ ಇದ್ದರೂ ಎತ್ತರಕ್ಕೆ ಪೇರಿಸಬೇಡಿ, ಅಗಲಕ್ಕೆ ಹರಡಿ. ಭಾರದ ಬಾಕ್ಸು ಕೆಳಗೆ, ಕ್ಯಾಬಿನ್ ಕಡೆಗೆ.

ಆಮೇಲೆ ಪಾಟಾ (ಲೀಫ್ ಸ್ಪ್ರಿಂಗ್) ನೋಡಿಸಿ. ಒಂದು ಎಲೆ ಮುರಿದಿದ್ದರೂ ಗಾಡಿ ಒಂದು ಪಕ್ಕಕ್ಕೆ ವಾಲುತ್ತದೆ. ಶಾಕ್‌ನಲ್ಲಿ ಎಣ್ಣೆ ಜಿನುಗಿದೆಯಾ ನೋಡಿ. ಹಿಂದಿನ ಟಯರಿಗೆ ಲೋಡಿಗೆ ಹೇಳಿರುವಷ್ಟು ಗಾಳಿ ಇದೆಯಾ, ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಿ. ನನ್ನ ಹತ್ತಿರ ಹೀಗೆ ಓಲಾಡುತ್ತೆ ಅಂತ ಬಂದ ಗಾಡಿಗಳಲ್ಲಿ ಬಹಳಷ್ಟು ಗಾಳಿಯಲ್ಲೇ ಸರಿಹೋಗಿವೆ. ಸ್ಪೇಸರ್ ಇಟ್ಟರೆ ಎರಡೂ ಕಡೆ ಸೇರಿ ಅಗಲ ಬರೀ 50 ಮಿ.ಮೀ. ಹೆಚ್ಚುತ್ತದೆ. ಬಾಕ್ಸುಗಳ ಎತ್ತರ ಹಾಗೇ ಇರುತ್ತದೆ. ತುಂಬಿದ ಲೋಡು, ದಿನಾ ಓಟ, ಅದರ ಜೊತೆ ಹೊರಗೆ ತಳ್ಳಿದ ಚಕ್ರ ಅಂದ್ರೆ ಎಕ್ಸಲ್ ಬೇರಿಂಗು ಉಳಿಯುವುದಿಲ್ಲ. ಸರಕು ಗಾಡಿ ಆದ್ದರಿಂದ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋಗಲೇಬೇಕು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅಲ್ಲಿ ಚಕ್ರ ಮಡ್‌ಗಾರ್ಡಿನಿಂದ ಆಚೆ ಬಂದಿರುವುದು ಕಂಡರೆ ವಾಪಸು ಕಳಿಸುತ್ತಾರೆ.

ಪ್ರಶ್ನೆ: ಹೊಸದು ಅಂತ ಕೊಟ್ಟ ಟಯರು ನಿಜಕ್ಕೂ ಹೊಸದೇ ಅಂತ ತಿಳಿಯುವುದು ಹೇಗೆ?
— ಓದುಗರು, ಹಾವೇರಿ

ಉತ್ತರ: ಪಕ್ಕದ ಗೋಡೆಯ ಮೇಲೆ ಉದ್ದದ ಗೋಲದೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 3523 ಅಂತ ಇದ್ದರೆ 2023ನೇ ಇಸವಿಯ 35ನೇ ವಾರ, ಅಂದ್ರೆ ಆಗಸ್ಟ್ ಕೊನೆಯಲ್ಲಿ ತಯಾರಾದದ್ದು. ಒಂದು ವರ್ಷ ದಾಟಿದ್ದರೆ ನಾನು ಬೇರೆ ಕೇಳುತ್ತೇನೆ. ನಾಲ್ಕು ಟಯರು ತಗೊಂಡರೆ ನಾಲ್ಕರದ್ದೂ ನೋಡಿ, ಒಂದು ನೋಡಿ ಬಿಡಬೇಡಿ. ಈ ಅಂಕಿ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಪೂರ್ತಿ ಇರುತ್ತದೆ. ರಿಮ್ಮಿಗೆ ಹಾಕಿದ ಮೇಲೆ ಆ ಪಕ್ಕ ಒಳಗೆ ಹೋಗಿದ್ದರೆ ಗಾಡಿ ಕೆಳಗೆ ಮಲಗಿ ಹುಡುಕಬೇಕಾಗುತ್ತದೆ. ಹಾಗಾಗಿ ಟಯರು ಇನ್ನೂ ಅಂಗಡಿಯ ನೆಲದ ಮೇಲೆ ಇರುವಾಗಲೇ ಓದಿ, ಬಿಲ್ಲಿನ ಮೇಲೆ ಆ ನಾಲ್ಕು ಅಂಕಿ ಬರೆಸಿಕೊಳ್ಳಿ.